ಪ್ಲಾನ್ ಬದಲಾಯ್ತಣ್ಣ
ನನ್ನ ಮದುವೆಯ ಕೋಟಿನೊಳಗೆ ನನ್ನ ಭಾವಮೈದುನನೂ ಹಿಡಿಸುವಂತೆ ಹೊಲಿದ ನಮ್ಮ ಬೀದಿಯ ಟೈಲರನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಅವನ ಟೇಪಿನ ಮೊದಲ ಎರಡಿಂಚು ಹರಿದುಹೋಗಿದೆ. ಅದನ್ನು ಅಳತೆಯಿಂದ ಕಳೆಯಲು ಮರೆಯುತ್ತಾನೆ. ಬಟ್ಟೆ ಸಾಲದಿದ್ದರೆ ಪ್ಯಾಂಟು ಚಡ್ಡಿಯಾಗುತ್ತದೆ, ಇಸ್ತ್ರಿ ಸುಟ್ಟಲ್ಲಿ ಜೇಬು ಮೂಡುತ್ತದೆ. "ಬೆನ್ನ ಮೇಲೆ ಯಾಕಯ್ಯಾ ಜೇಬು?" ಎಂದು ರೇಗಿದರೆ, "ಪ್ಲಾನ್ ಬದಲಾಯ್ತಣ್ಣ. ಕೈಗೇ ಸಿಗಲ್ಲ, ದುಡ್ಡು ಖರ್ಚಾಗಲ್ಲ ಬಿಡಿ" ಎನ್ನುತ್ತಾನೆ. ಲಕ್ವ ಹೊಡೆದು ಬಲಗೈ ಬಿದ್ದಮೇಲೆ ನಮ್ಮಪ್ಪ, ಗುಂಡಿ ಹಾಕಲು ಸೊಸೆಯನ್ನು ಕರೆಯಬೇಕಲ್ಲ ಎಂದು ನಾಚಿ, ಹೊರಗೆ ಹೋಗುವುದನ್ನೇ ಬಿಟ್ಟಿದ್ದರು. ಯಾರೂ ಹೇಳದೆ ಇವನೇ ಬಂದು ಅವರ ಅಂಗಿಗಳನ್ನೆಲ್ಲ ಒಯ್ದು, ಗುಂಡಿಗಳನ್ನು ತೋರಿಕೆಗೆ ಉಳಿಸಿ, ಅಡಿಯಲ್ಲಿ ಒಂದೇ ಕೈಯಲ್ಲಿ ಒತ್ತಿದರೆ ಅಂಟುವ ಪಟ್ಟಿ ಹೊಲಿದು ತಂದ. ಅಪ್ಪ ಕೊನೆಯವರೆಗೂ ಬೀದಿ ಸುತ್ತಿದರು. ಅವನಿಗೆ ಸಲ್ಲಬೇಕಾದ ಒಂದು ಒಳ್ಳೆಯ ಮಾತು ನನ್ನ ಬಾಯಲ್ಲೇ ಬಾಕಿ ಉಳಿದಿದೆ.