ಹಂಡೆಗೆಂದು ಕಟ್ಟಿಸಿದ ಬಚ್ಚಲು

ಹೊಸ ಮನೆ ಮಾಡಿದವರು ಕರೆದು ಬಚ್ಚಲುಮನೆ ತೋರಿಸಿದರೆ ನಾನು ಟೈಲ್ಸಿನ ಬಣ್ಣ ನೋಡುವುದಿಲ್ಲ. ಒಳಗೆ ಹೋಗಿ ಎರಡೂ ಕೈ ಅಗಲಿಸಿ ನಿಲ್ಲುತ್ತೇನೆ. ಒಬ್ಬರು ಸ್ಟೂಲಿನ ಮೇಲೆ ಕೂತು, ಇನ್ನೊಬ್ಬರು ಪಕ್ಕದಲ್ಲಿ ನಿಂತು ನೀರು ಹೊಯ್ಯುವಷ್ಟು ಜಾಗ ಇದೆಯೇ ಎಂದು ನೋಡುತ್ತೇನೆ. ಆಮೇಲೆ ಬಾಗಿಲು ಯಾವ ಕಡೆಗೆ ತೆರೆಯುತ್ತದೆ, ಹೊಸ್ತಿಲು ಎಷ್ಟು ಎತ್ತರ, ಒದ್ದೆ ನೆಲದಲ್ಲಿ ಕಾಲು ನಿಲ್ಲುತ್ತದೆಯೇ. ಇಷ್ಟು ನೋಡಿ ಹೊರಗೆ ಬರುತ್ತೇನೆ. ಮನೆಯವರಿಗೆ ಇದು ಹಿಡಿಸುವುದಿಲ್ಲ. ಗೃಹಪ್ರವೇಶದ ದಿನ ಬೀಳುವ ಮಾತು ಯಾಕೆ ಎಂದು ಮುಖ ತಿರುಗಿಸುತ್ತಾರೆ. ನನ್ನ ಅಮ್ಮನೂ ಹಾಗೆಯೇ ಮುಖ ತಿರುಗಿಸಿದ್ದಳು.

ಆಗ ನಾವು ಮುಂಬಯಿಯ ಪರೇಲಿನ ಒಂದು ಚಾಳಿನಲ್ಲಿದ್ದೆವು. ಅರವತ್ತರ ದಶಕದ ಕೊನೆಯ ವರ್ಷಗಳು. ಅಮ್ಮ, ಅಣ್ಣ, ನಾನು, ಒಂದೇ ಕೋಣೆ. ಅಪ್ಪ ತೀರಿಕೊಂಡ ಮೇಲೆ ಅಣ್ಣ ಉಡುಪಿಯ ಕಡೆಯಿಂದ ಅಮ್ಮನನ್ನು ಕರೆತಂದಿದ್ದ. ಅವನು ಹತ್ತಿರದ ಹೋಟೆಲೊಂದರ ಗಲ್ಲಾಪೆಟ್ಟಿಗೆಯ ಮುಂದೆ ಕೂರುತ್ತಿದ್ದ. ನಾನು ಆಸ್ಪತ್ರೆಯಲ್ಲಿ ನರ್ಸ್. ಕೋಣೆಯ ಮೂಲೆಯಲ್ಲಿ ಸಣ್ಣ ಕಟ್ಟೆ ಕಟ್ಟಿದ ಮೋರಿ. ಪಾತ್ರೆ ತಿಕ್ಕುವುದು, ಬಟ್ಟೆ ಒಗೆಯುವುದು, ಸ್ನಾನ, ಎಲ್ಲವೂ ಅಲ್ಲೇ. ಅಮ್ಮ ಸ್ನಾನಕ್ಕೆ ಹೋದರೆ ಅಡ್ಡಕ್ಕೆ ಒಂದು ಸೀರೆ ಕಟ್ಟಿಕೊಳ್ಳುತ್ತಿದ್ದಳು. ಅಣ್ಣ ಪೇಪರ್ ಹಿಡಿದು ಗ್ಯಾಲರಿಗೆ ಹೋಗಿ ನಿಲ್ಲುತ್ತಿದ್ದ. ಸ್ಟವ್ವಿನಲ್ಲಿ ಕಾಯಿಸಿದ ನೀರಿಗೆ ತಣ್ಣೀರು ಬೆರೆಸಿದರೆ ಒಂದು ಬಕೆಟ್. ತಲೆಗೆ ಹೊಯ್ದರೆ ಮೈಗೆ ಸಾಲದು, ಮೈಗೆ ಹೊಯ್ದರೆ ತಲೆ ಒಣಗಿಯೇ ಉಳಿಯುತ್ತಿತ್ತು.

ಊರಿನ ಮನೆ ಪಾಲಾದಾಗ ಅಮ್ಮ ಕೇಳಿ ಪಡೆದದ್ದು ಒಂದನ್ನೇ: ಬಚ್ಚಲ ಒಲೆಯ ಮೇಲಿದ್ದ ತಾಮ್ರದ ಹಂಡೆ. ಗೋಣಿ ಸುತ್ತಿಸಿಕೊಂಡು ಲಾರಿಯಲ್ಲಿ ಬಂದ ಅದು ಚಾಳಿನಲ್ಲಿ ನೀರು ಕಾಣಲಿಲ್ಲ. ನಮ್ಮ ಹೊದಿಕೆ, ಹಳೆ ಸೀರೆಗಳನ್ನು ತುಂಬಿಸಿಕೊಂಡು ಮೂಲೆಯಲ್ಲಿ ಕೂತಿತ್ತು. ಅಮ್ಮ ಅದರ ಕಂಠವನ್ನು ಹುಣಿಸೆಹುಳಿ ಹಚ್ಚಿ ಬೆಳಗುತ್ತಲೇ ಇದ್ದಳು.

"ಎಣ್ಣೆ ಹಚ್ಚಿ, ಕೂತಲ್ಲಿಂದ ಏಳದೆ, ಒಂದು ಹಂಡೆ ಬಿಸಿನೀರು ತಲೆಗೆ ಬೀಳ್ಬೇಕು. ಅಷ್ಟಾದ್ರೆ ಈ ಬೊಂಬಾಯಿಯ ಮೇಲೆ ನಂದೇನೂ ತಕರಾರಿಲ್ಲ," ಎನ್ನುತ್ತಿದ್ದಳು.

ಅವಳಿಗಿದ್ದ ಇನ್ನೊಂದು ಚಿಂತೆ ನಾನು. ಡ್ಯೂಟಿ ಮುಗಿಸಿ ಬಂದವಳನ್ನು ಬಾಗಿಲಲ್ಲೇ ತಡೆಯುತ್ತಿದ್ದಳು. ಸ್ನಾನವಾಗುವ ತನಕ ನಾನು ಏನನ್ನೂ ಮುಟ್ಟುವಂತಿರಲಿಲ್ಲ. ಪಕ್ಕದ ಕೋಣೆಯ ಮರಾಠಿ ಹೆಂಗಸಿಗೆ ಇದೊಂದು ತಮಾಷೆ. ನನ್ನನ್ನು ಮೆಟ್ಟಿಲಲ್ಲಿ ಕಂಡರೆ ಸಾಕು, "ಆಜೀ, ತುಮ್ಚೀ ಸಿಸ್ಟರ್ ಆಲೀ! ಪಾಣೀ ಆಣಾ!" ಎಂದು ಕೂಗಿ, ನೀರು ತರಲು ಅಮ್ಮನನ್ನು ಎಬ್ಬಿಸುತ್ತಿದ್ದಳು.

"ಗೋಡೆ ಮುಟ್ಬೇಡ. ಯಾರ್ಯಾರನ್ನು ಮುಟ್ಟಿ ಬಂದಿದ್ದೀಯೋ, ಸೀದಾ ಮೋರಿಗೆ ಹೋಗು."

"ಅಮ್ಮಾ, ದಿನಕ್ಕೆ ನಿನಗಿಂತ ಹೆಚ್ಚು ಸಲ ನಾನು ಕೈ ತೊಳೀತೇನೆ. ಅದೂ ಸೋಪು ಹಾಕಿ."

"ಕೈ ತೊಳೆದ್ರೆ ಆಯ್ತಾ? ನೀರು ತಲೆಯಿಂದ ಇಳೀಬೇಕು ಮಾರಾಯ್ತಿ. ಆಗ್ಲೇ ಶುದ್ಧ."

ಎಪ್ಪತ್ತರ ದಶಕದ ಆರಂಭದಲ್ಲಿ ವಿಕ್ರೋಳಿಯ ಒಂದು ಹೌಸಿಂಗ್ ಸೊಸೈಟಿಯಲ್ಲಿ ಅಣ್ಣನಿಗೆ ಮನೆ ಸಿಕ್ಕಿತು. ಎರಡನೆಯ ಮಾಳಿಗೆ. ಒಂದು ಹಾಲ್, ಅಡುಗೆಮನೆ, ಬೇರೆ ಬೇರೆಯಾಗಿ ಸಂಡಾಸು, ಬಚ್ಚಲು. ಒಳಗಿನ ಕೆಲಸ ಇನ್ನೂ ಬಾಕಿಯಿತ್ತು. ಬಚ್ಚಲು ಹೇಗೆ ಬೇಕೋ ಹಾಗೆ ಮಾಡಿಸಿಕೊಳ್ಳಬಹುದು ಎಂದಿದ್ದರು. ಅಣ್ಣ ಆ ಕೆಲಸವನ್ನು ಅಮ್ಮನಿಗೆ ಬಿಟ್ಟ. ಊರು ಬಿಟ್ಟು ಬಂದವಳಿಗೆ ಇದೊಂದಾದರೂ ಅವಳ ಮನಸ್ಸಿನಂತೆ ಆಗಲಿ ಎಂದು ಅವನ ಆಸೆ.

ಅಮ್ಮ ಚಾಳಿನ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬಚ್ಚಲು ಬರೆದಳು. ಬರೆದ ಮೊದಲ ಗೆರೆಯೇ ನನಗಾಗಿ. ಬಚ್ಚಲ ಬಾಗಿಲು ಮುಂಬಾಗಿಲಿನ ಪಕ್ಕಕ್ಕೇ ಬರಬೇಕು. ಆಸ್ಪತ್ರೆಯಿಂದ ಬಂದವಳು ಹಾಲಿಗೆ ಕಾಲಿಡದೆ ನೇರ ಒಳಗೆ ಹೋಗಬೇಕು. ಹಾಗೆ ಮಾಡಿದರೆ ಮುಂಬಾಗಿಲು ತೆರೆದಾಗ ಅದಕ್ಕೆ ತಗಲುತ್ತಿತ್ತು. ಆದ್ದರಿಂದ ಬಚ್ಚಲ ಬಾಗಿಲನ್ನು ಕಿರಿದು ಮಾಡಿ, ಒಳಕ್ಕೆ ತೆರೆಯುವಂತೆ ಇಡಿಸಿದರು. ಆಸ್ಪತ್ರೆಯ ಮೈಲಿಗೆ ತೊಳೆದ ನೀರು ಮನೆಯೊಳಗೆ ಹರಿಯಬಾರದು. ಅದಕ್ಕೆ ಗೇಣು ಮೀರಿದ ಎತ್ತರದ ಹೊಸ್ತಿಲು. ಹಂಡೆಗೆ ಒಲೆ ಸಮೇತ ಇಟ್ಟಿಗೆಯ ಕಟ್ಟೆ. ನಲ್ಲಿಯಲ್ಲಿ ಬೆಳಿಗ್ಗೆ ಮಾತ್ರ ನೀರು ಬರುತ್ತಿತ್ತು, ಆದ್ದರಿಂದ ಎದುರು ಮೂಲೆಗೆ ದೊಡ್ಡ ಡ್ರಮ್ಮು. ನೆಲಕ್ಕೂ ಗೋಡೆಗೂ ಒಂದೇ ಬಿಳಿ ನುಣುಪು ಟೈಲ್ಸು, ಒಂದು ಕೂದಲು ಬಿದ್ದರೂ ಕಾಣುವಂತೆ.

ಕಟ್ಟಲು ಬಂದ ಗೌಂಡಿ ವಿಜಾಪುರದ ಕಡೆಯವನು. ಅಳತೆ ಕೇಳಿ ನಕ್ಕ.

"ಅವ್ವಾರ, ಹಿಂಗ ಕಟ್ಟಿದ್ರ ಒಳಗ ಹಂಡೇನ ಜಳಕಾ ಮಾಡತೈತಿ. ನೀವು ಹೊರಗ ನಿಂತ ನೋಡಬೇಕ."

"ನೀನು ಕಟ್ಟು ಮಾರಾಯ. ಜಳಕದ ಚಿಂತೆ ನಂಗಿರ್ಲಿ," ಎಂದು ಅಮ್ಮನೂ ನಕ್ಕಳು.

ನಾನು ಸೀಮೆಸುಣ್ಣದ ಗೆರೆಗಳ ನಡುವೆ ನಿಂತು ನೋಡಿದೆ. ಬಚ್ಚಲಲ್ಲಿ ಬಿದ್ದು ಸೊಂಟ ಮುರಿದುಕೊಂಡ ಹೆಂಗಸರು ನಮ್ಮ ವಾರ್ಡಿನಲ್ಲಿ ಸದಾ ಇರುತ್ತಿದ್ದರು. ಮಗ್ಗುಲು ತಿರುಗಿಸಲು ಹೋದರೆ ಅವರು ಕೂಗಿಕೊಳ್ಳುವುದನ್ನು ಕೇಳಿ ಕೇಳಿ ನನಗೆ ಅಭ್ಯಾಸವಾಗಿತ್ತು. ಅದಕ್ಕೇ ಹೇಳಿದೆ.

"ಅಮ್ಮಾ, ಒಂದು ಸ್ಟೂಲಿಗೆ ಜಾಗ ಬಿಡು. ಪಕ್ಕದಲ್ಲಿ ಒಬ್ಬರು ನಿಲ್ಲಲಿಕ್ಕೂ ಬೇಕು. ನೆಲಕ್ಕೆ ಒರಟು ಕಲ್ಲು ಹಾಕಿಸು."

"ನಾನೆಂತ ನಿನ್ನ ವಾರ್ಡಿನ ಪೇಶಂಟಾ? ನಂಗೆ ನೀರು ಹೊಯ್ಲಿಕ್ಕೆ ಇನ್ನೊಬ್ಬರು ಬೇಕಾ?"

ಅಣ್ಣ ನಡುವೆ ಬಾಯಿ ಹಾಕಿದ. "ಬಿಡೇ ಹೆಣ್ಣೇ, ಮನೆಗೂ ಮೇಟ್ರನ್ ಬೇಡ."

ಮಾತು ಅಲ್ಲಿಗೆ ಮುಗಿಯಿತು.

ಮೊದಲ ಭಾನುವಾರ ಅಮ್ಮ ಎಣ್ಣೆ ಹಚ್ಚಿಕೊಂಡು ಬಚ್ಚಲಿಗೆ ಹೋದವಳು ಅಡುಗೆಯ ಹೊತ್ತು ಮೀರಿದರೂ ಬರಲಿಲ್ಲ. ತಂಬಿಗೆ ಹಂಡೆಗೆ ತಾಗುವ ಸದ್ದು ಮಾತ್ರ ಕೇಳುತ್ತಿತ್ತು. ಹೊರಗೆ ಬಂದಾಗ ಮುಖ ಕೆಂಪಾಗಿತ್ತು. ಕೂದಲಿಗೆ ಬೈರಾಸು ಸುತ್ತಿಕೊಂಡು ನೆಲದ ಮೇಲೆ ಚಾಪೆ ಹಾಸಿ ಮಲಗಿದಳು. ಅಂದು ನನ್ನನ್ನು ಗದರಲಿಲ್ಲ. ಆ ಮನೆಯಲ್ಲಿ ಅಮ್ಮನ ಸುಖವೆಂದು ನಾನು ಕಂಡದ್ದು ಅಂಥ ಕೆಲವು ಭಾನುವಾರಗಳನ್ನು ಮಾತ್ರ.

ಹೊಗೆ ಎಲ್ಲಿಗೆ ಹೋಗಬೇಕೆಂದು ನಾವು ಯಾರೂ ಯೋಚಿಸಿರಲಿಲ್ಲ. ಊರಿನಲ್ಲಿ ಅದು ಹೆಂಚಿನ ಸಂದಿನಿಂದ ಹೋಗುತ್ತಿತ್ತು. ಇಲ್ಲಿ ಮೇಲಿನ ಮನೆಗೆ ಹೋಯಿತು. ಅಣ್ಣ ಗಾಳಿಕಿಂಡಿಗೆ ತಗಡಿನ ಕೊಳವೆ ಇಡಿಸಿದ. ಹೊಗೆ ಪೂರ್ತಿ ನಿಲ್ಲಲಿಲ್ಲ, ಗಾಳಿ ಮಾತ್ರ ನಿಂತಿತು. ಬಚ್ಚಲು ಒಣಗುವುದೇ ಇಲ್ಲವಾಯಿತು. ನಾನು ರಜೆಯ ದಿನ ಬೂದಿ ಹಾಕಿ ಉಜ್ಜಿದರೂ ಸಂಜೆಗೆ ಟೈಲ್ಸಿನ ಮೇಲೆ ಲೋಳೆ. ಸೊಸೈಟಿಯವರು ಎರಡು ಸಲ ಬಂದು ಹೇಳಿದರು, ಮೂರನೆಯ ಸಲ ಗದರಿದರು. ಬಚ್ಚಲಲ್ಲಿ ಬೆಂಕಿ ಹಾಕುವುದು ನಿಂತಿತು.

ಅಮ್ಮ ಹಂಡೆಯನ್ನು ಬಿಡಲಿಲ್ಲ. ಅಡುಗೆಮನೆಯ ಸ್ಟವ್ವಿನಲ್ಲಿ ನೀರು ಕಾಯಿಸಿ, ಬಕೆಟ್ಟಿನಲ್ಲಿ ಹೊತ್ತು ತಂದು ಹಂಡೆಗೆ ಸುರಿದು, ಅದರಿಂದ ಮೊಗೆದು ಸ್ನಾನ ಮಾಡತೊಡಗಿದಳು. ಮೊದಲು ಸುರಿದದ್ದು ಕೊನೆಯ ಬಕೆಟ್ ಬರುವುದರೊಳಗೆ ಆರಿರುತ್ತಿತ್ತು.

"ಬಕೆಟ್ಟಿನಿಂದಲೇ ಮಾಡಬಾರದಾ?" ಎಂದು ನಾನು ಕೇಳಿದರೆ, "ಹಾಗಾದ್ರೆ ಚಾಳೇ ಸಾಕಿತ್ತಲ್ಲ," ಎನ್ನುತ್ತಿದ್ದಳು. ನಾನು ಹೊತ್ತು ತರುತ್ತೇನೆಂದರೆ ಬಿಡುತ್ತಿರಲಿಲ್ಲ. ಸ್ನಾನದ ನೀರನ್ನು ಆಸ್ಪತ್ರೆಯವಳು ಮುಟ್ಟಬಾರದು.

ಒಂದು ಬೆಳಿಗ್ಗೆ ನಾನು ಲೋಕಲ್ ಹಿಡಿಯುವ ಗಡಿಬಿಡಿಯಲ್ಲಿ ಜಡೆ ಹಾಕಿಕೊಳ್ಳುತ್ತಿದ್ದೆ. ಬಕೆಟ್ ಉರುಳಿದ ಸದ್ದಾಯಿತು. ಅದರ ಹಿಂದೆಯೇ ಬೇರೊಂದು ಸದ್ದು. ಆ ಸದ್ದು ಯಾವುದೆಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಹೊಸ್ತಿಲಿಗೆ ಕಾಲ ಬೆರಳು ಎಡವಿ ಅಮ್ಮ ಒಳಕ್ಕೆ ಮುಗ್ಗರಿಸಿದ್ದಳು. ಒಳಗಿನ ಕಾಲು ಟೈಲ್ಸಿನ ಮೇಲೆ ಜಾರಿತ್ತು. ಬಿಸಿನೀರು ಗೋಡೆಗೆ ಬಿದ್ದದ್ದೊಂದು ಪುಣ್ಯ. ಒಳಕ್ಕೆ ತೆರೆಯುವ ಬಾಗಿಲು ಅವಳ ಮೈಗೆ ತಗಲಿ ಅರ್ಧದಲ್ಲೇ ನಿಂತಿತ್ತು. ಇಬ್ಬರು ಒಳಗೆ ಹೋಗುವಂತಿರಲಿಲ್ಲ, ಒಬ್ಬರಿಂದ ಅವಳನ್ನು ಎತ್ತಲಾಗುತ್ತಿರಲಿಲ್ಲ. ಅಣ್ಣ ಬಾಗಿಲನ್ನೇ ಕಳಚಿದ. ತಿರುಪುಗಳು ತುಕ್ಕು ಹಿಡಿದಿದ್ದವು. ಅವನು ಅವನ್ನು ಬಿಚ್ಚುವಷ್ಟು ಹೊತ್ತೂ ಅಮ್ಮ ಆ ತಣ್ಣಗಿನ ನೆಲದಲ್ಲಿ ಬಿದ್ದಿದ್ದಳು. ನಾನು ಹೊಸ್ತಿಲ ಮೇಲೆ ಕೂತು ಕೈ ಚಾಚಿದರೆ ಅವಳ ಪಾದ ಮಾತ್ರ ಸಿಕ್ಕಿತು. ಒಂದು ಪಾದ ಹೊರಕ್ಕೆ ತಿರುಗಿಕೊಂಡಿತ್ತು. ಸೊಂಟ ಮುರಿದಿದೆಯೆಂದು ಅದನ್ನು ನೋಡಿಯೇ ತಿಳಿಯಿತು.

ಆಸ್ಪತ್ರೆಯಲ್ಲಿ ಕಾಲಿಗೆ ಭಾರ ಕಟ್ಟಿ ಮಲಗಿಸಿದರು. ಮೂಳೆ ಕೂಡಲಿಲ್ಲ, ಕೊನೆಗೆ ಮನೆಗೆ ಕಳಿಸಿದರು. ಹಾಲಿನ ಮಂಚವೇ ಅವಳ ಮನೆಯಾಯಿತು. ಬಾಗಿಲಿಲ್ಲದ ಬಚ್ಚಲಿಗೆ ಪರದೆ ಹಾಕಿದ್ದೆವು. ಮಲಗಿದಲ್ಲಿಂದ ಅವಳಿಗೆ ಅದರ ಸಂದಿನಲ್ಲಿ ಹಂಡೆಯ ಕಂಠ ಕಾಣುತ್ತಿತ್ತು.

ದಿನಾ ಎರಡು ಹೊತ್ತು ನಾನು ಅವಳ ಮೈ ಒರೆಸುತ್ತಿದ್ದೆ. ಮೊದಲು ಮುಖ, ಆಮೇಲೆ ಕೈ, ಎದೆ, ಬೆನ್ನು, ಕಾಲು. ಒಂದು ಅಂಗ ಒರೆಸುವಾಗ ಉಳಿದದ್ದು ಮುಚ್ಚಿರಬೇಕು. ಬೆನ್ನಿಗೆ ಸ್ಪಿರಿಟ್, ಪೌಡರ್. ಹಾಸಿಗೆ ಹುಣ್ಣು ಆಗಲು ಬಿಡಲಿಲ್ಲ. ಮುಟ್ಟಬೇಡ ಎಂದು ವರ್ಷಗಟ್ಟಲೆ ನನ್ನನ್ನು ಬಾಗಿಲಲ್ಲಿ ನಿಲ್ಲಿಸಿದವಳು ಈಗ ಕಣ್ಣು ಮುಚ್ಚಿ ಮಲಗಿರುತ್ತಿದ್ದಳು. ಒಂದು ದಿನ ಹೇಳಿದಳು:

"ನಿನ್ನ ಕೈ ಒಳ್ಳೇದುಂಟು ಮಗಾ. ಆದ್ರೆ ಇದು ಸ್ನಾನ ಅಲ್ಲ."

"ರಬ್ಬರ್ ಶೀಟ್ ಹಾಕಿ ಇಲ್ಲೇ ತಲೆ ತೊಳೀತೇನೆ. ವಾರ್ಡಿನಲ್ಲಿ ದಿನಾ ಮಾಡ್ತೇವೆ."

"ತಲೆ ಮಾತ್ರ ತೊಳೆದ್ರೆ ಅದೆಂತ ಸ್ನಾನ? ತಲೆಯಿಂದ ಇಳಿದ ನೀರು ಕಾಲಲ್ಲಿ ಹೋಗ್ಬೇಕು. ಒಂದು ಸಲ ಆ ಬಚ್ಚಲಲ್ಲಿ ಕೂರಿಸಿ. ಒಂದೇ ಸಲ."

ಪ್ರಯತ್ನ ಮಾಡಿದೆವು. ಕುರ್ಚಿಯಲ್ಲಿ ಕೂರಿಸಿ ಎತ್ತಿ ತಂದೆವು. ಕುರ್ಚಿ ಆ ಕಿರಿದಾದ ಬಾಗಿಲಲ್ಲಿ ಹಿಡಿಸಲಿಲ್ಲ. ಅಣ್ಣ ಅವಳನ್ನು ತೋಳಿನಲ್ಲಿ ಎತ್ತಿಕೊಂಡು ಅಡ್ಡಡ್ಡ ನುಗ್ಗಿದ. ಒಳಗೆ ಹೋದ ಮೇಲೆ ಇಳಿಸಲು ಜಾಗವಿಲ್ಲ. ಅವನ ಬೆನ್ನು ಡ್ರಮ್ಮಿಗೆ, ಅವಳ ನೋಯುವ ಕಾಲು ಹಂಡೆಯ ಕಟ್ಟೆಗೆ. ನಾನು ತಂಬಿಗೆ ಹಿಡಿದು ಹೊಸ್ತಿಲ ಹೊರಗೆ ನಿಂತಿದ್ದೆ. ಅಮ್ಮ ಕೂಗಿಕೊಂಡಳು. ಅಣ್ಣ ಹಾಗೆಯೇ ಹಿಂದೆ ಬಂದ. ಅವಳನ್ನು ಮಂಚದ ಮೇಲೆ ಮಲಗಿಸಿ ಗ್ಯಾಲರಿಗೆ ಹೋದವನು ಬಹಳ ಹೊತ್ತು ಒಳಗೆ ಬರಲಿಲ್ಲ.

"ಅಮ್ಮಾ, ಆ ಕಟ್ಟೆ ಒಡೆಸ್ತೇನೆ," ಎಂದು ಮರುದಿನ ಅಣ್ಣ ಹೇಳಿದ. "ಆಗ ಜಾಗ ಆಗ್ತದೆ."

"ಹಂಡೆ ತೆಗೀತೀಯಾ? ಹಂಡೆ ಇಲ್ಲದೆ ನಂಗೆ ಅಲ್ಲಿ ಎಂತ ಕೆಲಸ? ಅದು ಅಲ್ಲಿಂದ ಕದಲಿದ್ರೆ ನಾನು ಒಂದು ತುತ್ತು ಮುಟ್ಟುದಿಲ್ಲ."

ಅಣ್ಣ ನನ್ನ ಮುಖ ನೋಡಿದ. ನಾನು ಟವೆಲ್ ಹಿಂಡುತ್ತಿದ್ದೆ. ಡ್ರಮ್ಮು ತೆಗೆಯುತ್ತೇವೆಂದರೆ ನಲ್ಲಿ ನಿಂತ ಮೇಲೆ ದಿನವಿಡೀ ಮನೆಗೆ ನೀರಿಲ್ಲ. ಬಾಗಿಲು ಅಗಲ ಮಾಡುವುದಕ್ಕೆ ಕಟ್ಟಿ ಮುಗಿದ ಗೋಡೆಯನ್ನು ಮುಟ್ಟಲು ಸೊಸೈಟಿ ಬಿಡಲಿಲ್ಲ. ಎಲ್ಲ ದಾರಿಯನ್ನೂ ಸರದಿಯಂತೆ ನೋಡಿದೆವು. ಆ ಬಚ್ಚಲಲ್ಲಿ ಹಂಡೆ, ಡ್ರಮ್ಮು, ನನ್ನ ಮೈಲಿಗೆ, ಎಲ್ಲಕ್ಕೂ ಅಳೆದು ಜಾಗ ಕೊಟ್ಟಾಗಿತ್ತು. ಅಮ್ಮನೊಬ್ಬಳಿಗೆ ಇರಲಿಲ್ಲ.

ಅವಳು ಮತ್ತೆ ಕೇಳಲಿಲ್ಲ. ಕೇಳುತ್ತಿದ್ದರೆ ಒಳ್ಳೆಯದಿತ್ತು. ತಲೆ ಬಾಚಲೂ ಬಿಡಲಿಲ್ಲ. ಕೂದಲು ಗಂಟುಗಂಟಾಯಿತು. ಪರದೆಯ ಸಂದಿನ ಕಡೆ ನೋಡುವುದನ್ನೂ ಬಿಟ್ಟು ಗೋಡೆಗೆ ಮುಖ ಮಾಡಿ ಮಲಗಿದಳು. ಮಳೆಗಾಲ ಮುಗಿಯುವ ಹೊತ್ತಿಗೆ ಎದೆಯಲ್ಲಿ ಕಫ ಕಟ್ಟಿತು. ಮಲಗಿಯೇ ಇರುವವರಿಗೆ ಅದು ಬರುತ್ತದೆಂದು ನನಗೆ ಗೊತ್ತಿತ್ತು. ಗೊತ್ತಿದ್ದರಿಂದ ಏನೂ ಪ್ರಯೋಜನವಾಗಲಿಲ್ಲ.

ಅವಳು ಹೋದ ಬೆಳಿಗ್ಗೆ ಊರಿನ ಕಡೆಯ ಒಬ್ಬ ಹಿರಿಯರು ಬಂದು, ಸ್ನಾನ ಮಾಡಿಸಬೇಕಲ್ಲ ಎಂದರು. ಬಚ್ಚಲಲ್ಲಿ ಆಗುವುದಿಲ್ಲ ಎಂದೆ. ಅವರು ಹೋಗಿ ನೋಡಿ ಬಂದರು. ಅಣ್ಣ ಕೆಳಗಿನಿಂದ ಹಾರೆ ತಂದ. ಹಂಡೆ ಬಿಡಿಸಲು ಕಟ್ಟೆಗೆ ಹೊಡೆಯತೊಡಗಿದ. ತೇವ ಕುಡಿದ ಇಟ್ಟಿಗೆ, ನಾಲ್ಕು ಏಟಿಗೆ ಸಡಿಲವಾಯಿತು. ಹಂಡೆಯನ್ನು ಕೆಳಗಿಳಿಸಿ ಕಂಪೌಂಡಿನ ಮೂಲೆಯಲ್ಲಿ ಮೂರು ಕಲ್ಲಿನ ಮೇಲಿಟ್ಟು ಬೆಂಕಿ ಹಾಕಿದರು, ಅಮ್ಮನನ್ನೂ ಅಲ್ಲಿಗೆ ಇಳಿಸಿ ತಂದರು. ಅಂದು ಹೊಗೆಗೆ ಯಾರೂ ಆಕ್ಷೇಪ ಮಾಡಲಿಲ್ಲ. ಮೇಲಿನ ಮನೆಯ ಹೆಂಗಸೇ ಸೀರೆಯ ಒಂದು ತುದಿ ಹಿಡಿದು ಮರೆ ಮಾಡಿ ನಿಂತಳು.

ನೀರು ನಾನೇ ಹೊಯ್ದೆ. ತಲೆಗೆ ಎಣ್ಣೆ ಮುಟ್ಟಿಸಿ, ಗಂಟುಗಳನ್ನು ಬಿಡಿಸಲಾಗದೆ ಹಾಗೆಯೇ ಬಿಟ್ಟು, ತಂಬಿಗೆಯ ಮೇಲೆ ತಂಬಿಗೆ. ಹಂಡೆ ಖಾಲಿಯಾಗುವ ತನಕ. ನೀರು ತಲೆಯಿಂದ ಇಳಿದು ಕಾಲಲ್ಲಿ ಹರಿದು ಮಣ್ಣಿಗೆ ಹೋಯಿತು.

ಗಂಡಸರು ಹೊರಟ ಮೇಲೆ ನಾನು ಸ್ನಾನಕ್ಕೆ ಹೋದೆ. ಬಾಗಿಲಲ್ಲಿ ತಡೆಯುವವರು ಇರಲಿಲ್ಲ. ಇಟ್ಟಿಗೆಯ ಚೂರುಗಳನ್ನು ಗುಡಿಸಿ ಒಂದು ಬದಿಗೆ ಒತ್ತಿದೆ. ಅಡುಗೆಮನೆಯಿಂದ ಸ್ಟೂಲ್ ತಂದು, ಓರೆ ಮಾಡಿ ಬಾಗಿಲು ದಾಟಿಸಿ, ಹಂಡೆಯಿದ್ದ ಜಾಗದಲ್ಲಿ ಇಟ್ಟೆ. ಸರಿಯಾಗಿ ಕೂತಿತು. ಪಕ್ಕದಲ್ಲಿ ನಿಂತು ಎರಡೂ ಕೈ ಅಗಲಿಸಿದೆ. ಯಾವ ಗೋಡೆಯೂ ತಾಗಲಿಲ್ಲ.