ಸ್ಟಾರ್ಟರ್ ಬಿಚ್ಚಿದ ಭಾನುವಾರ

ಇಪ್ಪತ್ತು ವರ್ಷದಿಂದ ಮಾನ್ವಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೇನೆ. ವಿದ್ಯುತ್ತಿನ ಪಾಠವನ್ನು ಪುಸ್ತಕ ತೆರೆಯದೆ ಹೇಳಬಲ್ಲೆ. ಕಾರಿನ ಕೆಳಗೆ ಅಂಗಾತ ಮಲಗಿದಾಗ ಆ ಪಾಠವೆಲ್ಲ ಎಲ್ಲಿ ಹೋಗಿತ್ತೋ, ನನಗೆ ಇವತ್ತಿಗೂ ತಿಳಿದಿಲ್ಲ.

ಹಳೆಯ ಆ ಕಾರು ನನ್ನ ಹೆಂಡತಿ ಸುನಂದಾಳದು. ದೇವದುರ್ಗದ ದವಾಖಾನೆಯಲ್ಲಿ ನರ್ಸ್ ಆಗಿರುವ ಅವಳು ರಾಯಚೂರಿನ ನಮ್ಮ ಮನೆಯಿಂದ ದಿನಾ ಅದರಲ್ಲೇ ಹೋಗಿ ಬರುತ್ತಾಳೆ. ಆ ಶನಿವಾರ ಗಬ್ಬೂರಿನಲ್ಲಿ ನಿಲ್ಲಿಸಿ ಮತ್ತೆ ಕೀ ತಿರುವಿದರೆ ಬರೀ ಟಕ್ ಅಂದಿತಂತೆ. ನಾಲ್ಕು ಮಂದಿ ನೂಕಿದ ಮೇಲೆ ಚಾಲೂ ಆಗಿ ಹೇಗೋ ಮನೆ ಮುಟ್ಟಿತು. ಸ್ಟಾರ್ಟರ್ ಮೋಟಾರು ಹೋಗಿದೆ, ಬುಧವಾರ ಬರುತ್ತೇನೆ ಅಂದ ಮೆಕ್ಯಾನಿಕ್. ಸೋಮವಾರ ಅವಳಿಗೆ ಹೆರಿಗೆ ವಾರ್ಡಿನ ಡ್ಯೂಟಿ.

"ಅದೇನ್ ದೊಡ್ಡದು, ನಾನೇ ಹಾಕ್ತೀನಿ ತಗೋ," ಅಂದುಬಿಟ್ಟೆ.

ಮರುದಿನ ಹೊಸ ಸ್ಟಾರ್ಟರ್ ತಂದು, ಅಂಗಳದಲ್ಲಿ ಓಣಿಯವರ ಜೊತೆ ಕಾರು ನೂಕಿ ಮುಂದಿನ ಗಾಲಿಗಳನ್ನು ಚಪ್ಪಡಿ ಕಲ್ಲಿನ ಮೇಲೆ ಹತ್ತಿಸಿದೆವು. ಜಾರದಿರಲೆಂದು ಕಾರನ್ನು ಗೇರಿನಲ್ಲಿ ನಿಲ್ಲಿಸಿ, ಚಾಪೆ ಹಾಸಿಕೊಂಡು ಒಳಗೆ ಸರಿದೆ. ಸ್ಟಾರ್ಟರ್ ಇಂಜಿನ್ನಿನ ಬೆನ್ನಿಗೆ ಅಡಗಿ ಕೂತಿತ್ತು. ಕಣ್ಣಿಗೆ ಕಂಡರೆ ಕೈ ಹೋಗದು, ಕೈ ಹೋದರೆ ಕಣ್ಣಿಗೆ ಕಾಣದು. ಬ್ಯಾಟರಿ ಬಿಚ್ಚುವುದನ್ನು ಮರೆತು ಬೋಲ್ಟಿಗೆ ಪಾನಾ ಹಚ್ಚಿದೆ. ನೀಲಿ ಕಿಡಿ ಹಾರಿ ಪಾನಾದ ತುದಿ ಸುಟ್ಟಿತು. ಸುನಂದಾ ಬಂದು ಬ್ಯಾಟರಿಯ ವಯರ್ ತೆಗೆದಳು.

ಮೇಲಿನ ಒಂದೇ ಬೋಲ್ಟು ಎರಡು ತಾಸು ತಿಂದಿತು. ಕೊನೆಗೂ ಹೊಸದು ಕೂತಿತು, ಬ್ಯಾಟರಿ ಮತ್ತೆ ಜೋಡಿಸಿಯಾಯಿತು. ಸುನಂದಾ ಕೀ ಹಿಡಿದು ಒಳಗೆ ಕೂತಳು. ಅದು ತಿರುಗುವುದನ್ನು ಕೆಳಗಿನಿಂದಲೇ ನೋಡುವ ಆಸೆ ನನಗೆ.

"ಹೊರಗ ಬಾರಪಾ, ಚಹಾ ಆರಾಕತ್ತದ," ಅಂದಳು ನಮ್ಮವ್ವ.

"ಇದೊಂದು ನೋಡಿ ಬರ್ತೀನಿ ಯವ್ವಾ."

"ಎರಡು ಸಲ ಕಾಸಿ ಕೊಟ್ಟೀನಿ. ಮೂರನೇ ಸಲ ಕಾಸಂಗಿಲ್ಲ, ನೋಡು."

ಗೊಣಗುತ್ತಾ ಹೊರಗೆ ತೆವಳಿದೆ. ಲೋಟ ಕೈಗೆ ತಗೊಂಡು, "ಹೂಂ, ತಿರುವು," ಅಂದೆ.

ಕಾರು ಜಿಗಿಯಿತು. ಗಾಲಿಗಳು ಕಲ್ಲಿನಿಂದ ಧುಮುಕಿ, ಮೂತಿ ಗೋಡೆಗೆ ಬಡಿದು ನಿಂತಿತು. ಚಾಪೆಯ ಮೇಲೆ ಬಿಟ್ಟಿದ್ದ ಟಾರ್ಚು ಅಪ್ಪಚ್ಚಿಯಾಗಿ ಹೋಗಿತ್ತು. ನನ್ನ ಎದೆ ಇದ್ದ ಜಾಗದಲ್ಲಿ ಈಗ ಗಾಲಿ ಇತ್ತು.

ಗೇರಿನಲ್ಲಿ ಇಟ್ಟವನು ನಾನೇ. ತೆಗೆಯಲು ಮರೆತವನೂ ನಾನೇ. ಲೋಟ ಕೈಯಲ್ಲೇ ಇತ್ತು, ಚಹಾ ಅಂಗಿಯ ಮೇಲಿತ್ತು. ಬಿಸಿ ಹತ್ತಿದ್ದೂ ಗೊತ್ತಾಗಲಿಲ್ಲ. ಅವ್ವ ಚಾಪೆ ನೋಡಿದಳು, ನನ್ನ ನೋಡಿದಳು, ಮೆಟ್ಟಿಲ ಮೇಲೆ ಕೂತುಬಿಟ್ಟಳು. ದಿನಾ ರಕ್ತ ನೋಡುವ ಸುನಂದಾಳ ಕೈ ಸ್ಟೀರಿಂಗ್ ಬಿಡಲೊಲ್ಲದು.

"ನೀವು ಒಳಗಿದ್ರ..." ಅಂದಳು.

ಸೋಮವಾರ ಅವಳು ಅದೇ ಕಾರಿನಲ್ಲಿ ಡ್ಯೂಟಿಗೆ ಹೋದಳು. ಸ್ಟಾರ್ಟರ್ ಈಗಲೂ ಮೊದಲ ಸಲಕ್ಕೇ ಹತ್ತುತ್ತದೆ. ಆದರೆ ಕೀ ತಿರುವುವ ಮುನ್ನ ಅವಳು ಕಿಟಕಿಯಿಂದ ತಲೆ ಹೊರಗೆ ಹಾಕಿ, "ಎಲ್ಲಿ ಅದೀರಿ?" ಎಂದು ಕೂಗುತ್ತಾಳೆ. ಮುಖದ ತುಂಬ ಸಾಬೂನಿದ್ದರೂ ನಾನು ಬಾಗಿಲಿಗೆ ಬಂದು, ಅವಳಿಗೆ ಕಾಣುವಂತೆ ನಿಂತು, "ಇಲ್ಲೇ ಅದೀನಿ," ಅನ್ನಬೇಕು. ಇಷ್ಟು ವರ್ಷ ಹಾಜರಿ ಕೂಗಿದವನು ನಾನು. ಹಾಜರಿ ಹೇಳುವವನ ಸುಖ ಏನೆಂದು ಈಗ ಗೊತ್ತಾಗುತ್ತಿದೆ.