ಗರುಡನ ಮರಿಗಳು ಹಾರಿದ ಬೇಸಿಗೆ

ಜಯನಗರಕ್ಕೆ ಹೋಗುವುದನ್ನೂ ನಾವು 'ಬೆಂಗಳೂರಿಗೆ ಹೋಗೋದು' ಎನ್ನುತ್ತಿದ್ದ ಕಾಲ ಅದು. ಜರಗನಹಳ್ಳಿ ಇನ್ನೂ ಹಳ್ಳಿಯೇ ಆಗಿತ್ತು. ಅರವತ್ತರ ದಶಕದ ಒಂದು ಬೇಸಿಗೆ. ನನಗೆ ಎಂಟೋ ಒಂಬತ್ತೋ. ನಮ್ಮ ಹಿತ್ತಿಲಿನ ಮುದಿ ಮಾವಿನ ಮರ ಕಾಯಿ ಬಿಡುವುದನ್ನು ನಿಲ್ಲಿಸಿತ್ತು. ಅದನ್ನು ಕಡಿಸಿ ಅಲ್ಲಿ ಬಾಡಿಗೆ ಮನೆ ಕಟ್ಟಬೇಕೆಂದು ಅಪ್ಪನ ಹಟ. ನನಗೋ, ಆ ನೆರಳಿಲ್ಲದಿದ್ದರೆ ಕುಂಟೆಬಿಲ್ಲೆಯೇ ಇಲ್ಲ.

ಅಷ್ಟರಲ್ಲಿ ತುದಿಕೊಂಬೆಯಲ್ಲಿ ಗರುಡ ಗೂಡು ಕಟ್ಟಿತು. ಬಿಳಿ ಕತ್ತು, ಕೆಂಪು ಮೈ. ಕಂಡೊಡನೆ ಅಜ್ಜಿ ಕೆನ್ನೆ ಬಡಿದುಕೊಂಡಳು.

"ಗರುಡಪ್ಪನ ಗೂಡಿರೋ ಮರಕ್ಕೆ ಕೊಡ್ಲಿ ಹಾಕ್ತೀಯೇನೋ? ಮರಿ ಹಾರೋಗ್ಲಿ, ತಡಿ!"

ಹೆತ್ತಮ್ಮನ ಮಾತು ಮೀರುವ ಧೈರ್ಯ ಅಪ್ಪನಿಗಿರಲಿಲ್ಲ.

ಎರಡು ಮರಿಗಳಾದವು. ತಾಯಿ ಸಾರಕ್ಕಿ ಕೆರೆಯಿಂದ ಮೀನು ತಂದು ಹರಿದು ತಿನ್ನಿಸುತ್ತಿತ್ತು. ಮರದ ಬುಡವೆಲ್ಲ ಕೌಸು ವಾಸನೆ. ನಾನು ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ ಹಿಡಿದು ಅಲ್ಲೇ ಕೂರುತ್ತಿದ್ದೆ. ಮರಿಗಳ ಮೈಯೆಲ್ಲ ಕಂದು.

"ಇವು ಗರುಡ ಅಲ್ಲ ಕಣವ್ವ, ಕೋಳಿಮರಿ ಕದಿಯೋ ಹದ್ದು," ಎಂದು ಅಪ್ಪ ತಕರಾರು ತೆಗೆದ.

"ನೀನೂ ಹುಟ್ಟಿದಾಗ ಹಿಂಗೇ ಇದ್ದೆ, ಸುಮ್ನಿರು," ಎಂದಳು ಅಜ್ಜಿ.

ಬರಬರುತ್ತ ಮರಿಗಳು ಗೂಡಿನ ಅಂಚಿಗೆ ಬಂದು ರೆಕ್ಕೆ ಬಡಿಯತೊಡಗಿದವು. ಗಾಳಿ ಬೀಸಿದರೆ ಒಂದು ಗೇಣು ಮೇಲೆದ್ದು ಧೊಪ್ಪನೆ ಕೂರುತ್ತಿದ್ದವು. ಬೇರೆ ಮಕ್ಕಳು ಚಪ್ಪಾಳೆ ತಟ್ಟಿದರೆ ನಾನು ಅವರ ಕೈ ಹಿಡಿದು ನಿಲ್ಲಿಸುತ್ತಿದ್ದೆ. ಇವು ಹಾರಿದ ದಿನವೇ ಮರಕ್ಕೆ ಕೊಡಲಿ!

"ಹಾರ್ಬೇಡ್ರೋ, ಇನ್ನೊಂದಷ್ಟು ದಿನ ಇರ್ರೋ," ಎಂದು ಕೆಳಗಿನಿಂದ ಬೇಡಿಕೊಳ್ಳುತ್ತಿದ್ದೆ. ಹಕ್ಕಿಗೆ ಹಾರಬೇಡ ಎನ್ನುವ ಹುಚ್ಚಿಯನ್ನು ಕಂಡು ಮನೆಯವರೆಲ್ಲ ನಕ್ಕರು.

ಯುಗಾದಿ ಕಳೆದ ಮೇಲೆ ಒಂದು ಬೆಳಿಗ್ಗೆ ದೊಡ್ಡದು ಹಾರಿತು, ಹಿಂದೆಯೇ ಚಿಕ್ಕದೂ. ಕೆರೆಯ ಕಡೆ ಹೋಗಿ ಮರೆಯಾದವು. ಅಜ್ಜಿ ಖಾಲಿ ಗೂಡಿಗೆ ಕೈಮುಗಿದು, "ಹಾರೋದ್ವು. ಇನ್ನು ಕಡಿಸ್ಕೊ," ಎಂದಳು. ಕಾಯುತ್ತಿದ್ದ ಅಪ್ಪ ಆಗಲೇ ಆಳುಗಳನ್ನು ಕರೆತಂದ. ಮಧ್ಯಾಹ್ನ ಕಳೆಯುವುದರೊಳಗೆ ಮರ ಉರುಳಿತು. ಹಿತ್ತಿಲೆಲ್ಲ ಮಾವಿನ ಸೊನೆಯ ವಾಸನೆ. ನಾನು ಊಟ ಮಾಡಲಿಲ್ಲ.

ಸಂಜೆ ಮರಿಗಳು ಮರಳಿ ಬಂದವು. ಹಾರಲು ಕಲಿತ ಮೇಲೂ ಎಷ್ಟೋ ದಿನ ಅವು ಗೂಡಿಗೇ ಬಂದು ತಾಯಿಯ ತುತ್ತು ತಿನ್ನುತ್ತವೆಂದು ನಮಗಾರಿಗೂ ಗೊತ್ತಿರಲಿಲ್ಲ. ಕೊಂಬೆಯಿದ್ದ ಜಾಗವನ್ನು ಕಿರುಚುತ್ತ ಸುತ್ತಿದವು. ತಾಯಿಯೂ ಕಾಲಲ್ಲಿ ಮೀನು ಹಿಡಿದುಕೊಂಡೇ ಸುತ್ತಿತು. "ಅಯ್ಯೋ, ಮನೆಗೆ ಬಂದವಲ್ಲೋ!" ಎಂದು ಅಜ್ಜಿ ನೆಲಕ್ಕೆ ಕುಸಿದಳು. ಅಪ್ಪ ತಲೆ ಎತ್ತಲೇ ಇಲ್ಲ.

ಅಲ್ಲೀಗ ನಮ್ಮದೇ ನಾಲ್ಕು ಅಂತಸ್ತಿನ ಕಟ್ಟಡ. ಅನ್ನಕ್ಕೆ ಕೊರತೆಯಿಲ್ಲ. ಆದರೂ ಆ ಹಿತ್ತಿಲು ಬೇಕು ಎಂದು ಈ ವಯಸ್ಸಿನಲ್ಲೂ ಜೀವ ಹಂಬಲಿಸುತ್ತದೆ. ಅಪರೂಪಕ್ಕೆ ಗರುಡವೊಂದು ತಲೆಯ ಮೇಲೆ ಸುತ್ತಿದರೆ, ಅದಕ್ಕೆ ಕೂರಲು ಒಂದು ಕೊಂಬೆ ಇದೆಯೇ ಎಂದು ಟೆರೇಸಿನಿಂದ ನಾಲ್ಕೂ ದಿಕ್ಕು ನೋಡುತ್ತೇನೆ. ಕಣ್ಣಿಗೆಟುಕುವವರೆಗೂ ನೀರಿನ ಟ್ಯಾಂಕುಗಳು.